ಹೊಟ್ಟೆ ಹುಣ್ಣು ಎಂದಿದ್ದೆವು

ರಕ್ತದಾನ ಮಾಡಿ ಎಂಟು ದಿನವಾಗಿತ್ತು. ಮೊರಬದ ನನ್ನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಬಿಚ್ಚಿಕೊಂಡು ಕೂತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. 'ಒಮ್ಮೆ ಬಂದು ಹೋಗ್ರಿ.'

ಹೋದೆ. ರಕ್ತದಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್, ಲಿವರಿಗೆ ಹತ್ತುವ ಸೋಂಕು.

ಜ್ವರವಿಲ್ಲ, ಕಣ್ಣು ಹಳದಿಯಿಲ್ಲ. ಗಟ್ಟಿಮುಟ್ಟಾಗಿದ್ದೆ. ಡಾಕ್ಟರ್ ಸ್ಕ್ಯಾನಿಂಗ್ ಚೀಟಿ ಬರೆಯುತ್ತ ಕೇಳಿದರು: 'ಮನ್ಯಾಗ ಯಾರಿಗರೆ ಲಿವರ್ ತೊಂದ್ರಿ ಇತ್ತೇನ್ರಿ?'

'ಇಲ್ರಿ.'

ಬಾಯಿಗೆ ರೂಢಿಯಾಗಿದ್ದ ಸುಳ್ಳು. ನಮ್ಮಣ್ಣ ಲಿವರ್ ಕ್ಯಾನ್ಸರ್‌ನಿಂದ ಸತ್ತು ಎರಡು ವರ್ಷವಾಗಿತ್ತು. ಲಿವರ್ ಕೆಟ್ಟಿತೆಂದರೆ ಊರು ಕುಡುಕ ಅನ್ನುತ್ತದೆ. ದಿನಾ ಲಿಂಗಪೂಜೆ ಮಾಡಿ, ಒಂದು ಹನಿಯೂ ಮುಟ್ಟದವನಿಗೆ ಆ ಹೆಸರು ಬೇಡವೆಂದು ಅವ್ವ ಎಲ್ಲರಿಗೂ ಹೊಟ್ಟೆ ಹುಣ್ಣು ಅಂದಳು. ನಾನೂ ಅಂದೆ. ಕುಂದಗೋಳಕ್ಕೆ ಕೊಟ್ಟ ತಂಗಿ ಶೈಲಾಗೂ ಅದನ್ನೇ ಹೇಳಿದ್ದೆವು.

ಬಾಗಿಲವರೆಗೆ ಹೋದವನು ತಿರುಗಿ ಬಂದು ಡಾಕ್ಟರಿಗೆ ನಿಜ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಈ ಸೋಂಕು ಹೆರಿಗೆಯಲ್ಲಿ ತಾಯಿಯಿಂದ ಮಕ್ಕಳಿಗೆ ಬಂದು, ವರ್ಷಗಟ್ಟಲೆ ಸುಮ್ಮನಿದ್ದು, ಕೆಲವರಿಗೆ ಕೊನೆಗೆ ಕ್ಯಾನ್ಸರ್ ಮಾಡುತ್ತದಂತೆ. ಮೊದಲೇ ಗೊತ್ತಾದರೆ ಮಾತ್ರೆ ಇದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ.

'ಒಡಹುಟ್ಟಿದವ್ರು ಇದ್ದಾರೇನ್ರಿ?'

ಶೈಲಾ ಇದ್ದಳು. ಮೂರು ತಿಂಗಳ ಬಸುರಿ.

ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಅಣ್ಣನಿಗೆ ಮೊದಲೇ ತಿಳಿದಿದ್ದರೆ ಎಂಬ ಯೋಚನೆ ಬಂದು ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅನ್ನುವುದೇ ತಿಳಿಯಲಿಲ್ಲ. ಮನೆಗೆ ಬಂದವನೇ ಡಾಕ್ಟರ್ ಅಂದದ್ದನ್ನೆಲ್ಲ ಹೇಳಿ ಅವ್ವನ ಮೇಲೆ ಹರಿಹಾಯ್ದೆ. 'ಶೈಲಾಗ ಹೇಳೂಣು ಬೇ, ಈಗಿಂದೀಗ!'

'ಬ್ಯಾಡೋ. ಆಕಿ ಅತ್ತಿಮನ್ಯಾಗ ಏನಂದಾರು?'

'ಏನರೆ ಅನ್ಲಿ. ಇನ್ನೊಬ್ಬರನ್ನ ಮಣ್ಣಿಗಿಡೂದು ನನ್ನಿಂದ ಆಗೂದಿಲ್ಲ.'

ಅವ್ವ ಮೂಲೆ ಹಿಡಿದು ಕೂತಳು. ಫೋನ್ ನಾನೇ ಹಚ್ಚಿದೆ. ಶೈಲಾ ಅತ್ತಳು, ಬೈದಳು, ಮರುದಿನವೇ ಗಂಡನ ಜೊತೆ ಬಂದು ತಪಾಸಣೆಗೆ ರಕ್ತ ಕೊಟ್ಟಳು. ಅವ್ವನನ್ನೂ ಎಳೆದುಕೊಂಡು ಹೋದೆವು.

ಅವ್ವ, ಶೈಲಾ ಇಬ್ಬರಿಗೂ ಪಾಸಿಟಿವ್.

ಮುಂದಿನ ಆರು ತಿಂಗಳು ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ನಾನು ಬೋಲ್ಟು ಬಿಗಿದಿದ್ದೇನೋ ಇಲ್ಲವೋ ಎಂದು ಎರಡೆರಡು ಸಲ ನೋಡುತ್ತಿದ್ದೆ. ಸೋಂಕು ದಾಟದಂತೆ ಕೂಸಿಗೆ ಹುಟ್ಟಿದ ದಿನವೇ ಇಂಜೆಕ್ಷನ್ ಬೀಳಬೇಕು ಎಂದು ಡಾಕ್ಟರ್ ಹೇಳಿದ್ದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹೋದ ವಾರ ಹೆರಿಗೆಯಾಯಿತು. ಹೆಣ್ಣು. ಅವತ್ತೇ ಎರಡು ಇಂಜೆಕ್ಷನ್ ಕೊಟ್ಟರು. ಇನ್ನೂ ಡೋಸ್‌ಗಳಿವೆ, ಆಮೇಲೆ ಕೂಸಿನ ರಕ್ತ ನೋಡಬೇಕು. ನಾನು ಮಾತ್ರೆ ನುಂಗುತ್ತಿದ್ದೇನೆ. ಮುಂದಿನ ಸ್ಕ್ಯಾನಿನ ದಿನಕ್ಕೆ ಗ್ಯಾರೇಜಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ನಿನ್ನೆ ಕೂಸನ್ನು ನೋಡಲು ಬಂದ ಬಾಜೂ ಮನೆಯ ಗಂಗವ್ವ ಕೇಳಿದಳು: 'ಹುಟ್ಟಿದ ಕೂಸಿಗೆ ಎರಡೆರಡು ಸೂಜಿ ಯಾಕವಾ?'

ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು. 'ನನ್ನ ಹಿರೀ ಮಗಾ ಲಿವರ್ ಕ್ಯಾನ್ಸರಿಂದ ಹೋದ್ನವಾ. ಕುಡದಲ್ಲ. ನನ್ನ ರಕ್ತದಾಗಿತ್ತು. ನೀನೂ ನಿನ್ನ ಮಕ್ಕಳನ್ನ ಕರ್ಕೊಂಡು ಹೋಗಿ ಒಮ್ಮೆ ತೋರ್ಸ್ಕೊಂಡು ಬಾ.'