ಏನಂತಾರ ಕೇಳವಾ

ಇಳಕಲ್ ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ, ಕೈತುಂಬ ಹಸಿರು ಬಳೆ, ಆ ಕೈಯ ಎರಡು ಬೆರಳು ಸದಾ ನನ್ನ ಮೊಣಕೈ ಮೇಲೆ. ಸಿಂಗಪುರದ ಪುಂಗೋಲ್‌ನ ನಮ್ಮ ಎದುರುಮನೆ ಆಂಟಿ ನೆನಪಾದರೆ ಇವತ್ತಿಗೂ ಮೊಣಕೈ ಚುರುಕ್ ಎನ್ನುತ್ತದೆ.

2012ರಲ್ಲಿ ಮೈಸೂರಿನಿಂದ ಬಂದಾಗ ನನಗೆ ಹದಿಮೂರು. ನನ್ನ ಇಂಗ್ಲಿಷಿಗೆ ಯಾರಾದರೂ ನಕ್ಕಾರೆಂದು ಕ್ಲಾಸಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅಮ್ಮನ ಕೆಲಸ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ, ಅಪ್ಪನದು ದೂರದ ಟುವಾಸ್‌ನಲ್ಲಿ. ಶಾಲೆ ಬಿಟ್ಟ ಮೇಲೆ ನನ್ನನ್ನು ನೋಡಿಕೊಳ್ಳುತ್ತಿದ್ದವರು ಗದಗಿನ ಈ ಆಂಟಿ. ನೋಡಿಕೊಳ್ಳುವುದು ಎಲ್ಲಿ ಬಂತು, ದುಡಿಸಿಕೊಳ್ಳುತ್ತಿದ್ದರು ಅನ್ನಿ. "ನನಗ ಇಂಗ್ಲಿಷ್ ಬರಂಗಿಲ್ಲವಾ" ಎನ್ನುತ್ತ ಕ್ಲಿನಿಕ್ಕಿಗೆ, ಮಾರ್ಕೆಟ್ಟಿಗೆ, ಲಿಫ್ಟ್ ಕೆಟ್ಟರೆ ದೂರು ಕೊಡಲಿಕ್ಕೆ ಎಳೆದೊಯ್ಯುತ್ತಿದ್ದರು. ಎದುರಿನವರು ಬಾಯಿ ತೆರೆದದ್ದೇ ತಡ, ಮೊಣಕೈ ಚಿವುಟಿ "ಏನಂತಾರ ಕೇಳವಾ!"

ತರಕಾರಿ ಮಾರುವ ಅಂಕಲ್ ಇಲ್ಲಿನವರ ರೂಢಿಯಂತೆ 'ಆಯ್ತು' ಎನ್ನುವುದಕ್ಕೆ "ಕ್ಯಾನ್, ಕ್ಯಾನ್" ಎಂದರೆ ಆಂಟಿ, "ಅಂವ ಯಾವ ಕ್ಯಾನ್ ಕೇಳಾಕತ್ತಾನ? ಎಣ್ಣಿದೋ, ನೀರಿಂದೋ?" ಎನ್ನುವರು. ಇಷ್ಟೂ ಗೊತ್ತಿಲ್ಲದವರು ಸಿಂಗಪುರಕ್ಕೆ ಯಾಕೆ ಬಂದರೋ ಎಂದು ಒಳಗೊಳಗೇ ಬೈಯುತ್ತಿದ್ದೆ. ಬೈಯುತ್ತಲೇ ಅವರ ಬಿಪಿ ಮಾತ್ರೆಯಿಂದ ಬೆಂಡೆಕಾಯಿಯವರೆಗೆ ಎಲ್ಲದಕ್ಕೂ ನಾನೇ ಮಾತಾಡುತ್ತಿದ್ದೆ.

ಶಾಲೆಯಲ್ಲಿ ಪೋಷಕರ ಸಭೆ ಬಂತು. ಅಮ್ಮನಿಗೆ ರಜೆ ಸಿಗದೆ ಚೀಟಿ ಬರೆದು ಆಂಟಿಯನ್ನು ಕಳಿಸಿದಳು. ಟೀಚರ್ ಇಂಗ್ಲಿಷಿನಲ್ಲಿ ಹೇಳಿದರು: ಈ ಹುಡುಗಿ ಮಾತೇ ಆಡುವುದಿಲ್ಲ, ಮುಂದಿನ ತಿಂಗಳ ಓರಲ್ ಪರೀಕ್ಷೆಯಲ್ಲೂ ಹೀಗೇ ಆದರೆ ಒಂದು ಕ್ಲಾಸು ಕೆಳಗೆ ಹಾಕಬೇಕಾಗುತ್ತದೆ.

ಮೊಣಕೈ ಚುರುಕ್ ಎಂದಿತು. "ಏನಂತಾರ ಕೇಳವಾ."

"ನಾನು ತುಂಬಾ ಸೈಲೆಂಟ್ ಅಂತೆ ಆಂಟಿ. ಮಿಕ್ಕಿದ್ದೆಲ್ಲಾ ಫೈನ್ ಅಂತೆ" ಎಂದೆ.

ಆಂಟಿ ತಲೆದೂಗಿದರು. ಆಮೇಲೆ ಟೀಚರ್ ಕಡೆ ತಿರುಗಿ, ನಾನು ಜನ್ಮದಲ್ಲಿ ಕೇಳಿರದಷ್ಟು ಚೊಕ್ಕ ಇಂಗ್ಲಿಷಿನಲ್ಲಿ ಶುರು ಮಾಡಿದರು. "ಮೇಡಂ, ಇವಳು ಈಗ ನನಗೆ ಸುಳ್ಳು ಹೇಳಿದಳು. ಅಂದರೆ ನಿಮ್ಮ ಮಾತೆಲ್ಲಾ ಅವಳಿಗೆ ಅರ್ಥವಾಗಿದೆ. ಆರು ತಿಂಗಳಿಂದ ಡಾಕ್ಟರ ಹತ್ತಿರ, ಅಂಗಡಿಯವರ ಹತ್ತಿರ ನನ್ನ ಪರವಾಗಿ ಮಾತಾಡಿದ್ದು ಇವಳೇ. ಪರೀಕ್ಷೆಯವರೆಗೆ ಕಾಯಿರಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ತಿಳಿದದ್ದು: ಆಂಟಿ ಗದಗಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವರು! ಅಮ್ಮನಿಗೂ ಗೊತ್ತಿತ್ತಂತೆ, ಇಬ್ಬರೂ ಸೇರಿ ಹೂಡಿದ ಆಟ. ಅಂದು ಹೊರಗೆ ಬಂದು ಬೈಗುಳಕ್ಕೆ ಕಾದು ನಿಂತೆ.

"ಸುಳ್ಳ ಹೇಳಿದ್ದು ತಪ್ಪು" ಎಂದರು. "ಆದ್ರ ಒಂಚೂರೂ ತಡವರಿಸಲಿಲ್ಲ ನೋಡು, ಅದು ಭೇಷ್."

ಪರೀಕ್ಷೆಯಲ್ಲಿ ವಿವರಿಸಲು ಕೊಟ್ಟದ್ದು ಮಾರ್ಕೆಟ್ಟಿನ ಚಿತ್ರ. ಯಾರೂ ಮುಟ್ಟದೆಯೇ ಮೊಣಕೈ ಚುರುಕ್ ಎಂದಿತು. ಪರೀಕ್ಷಕರೇ ಸಾಕಮ್ಮಾ ಎಂದು ಕೈಯೆತ್ತುವವರೆಗೆ ಮಾತಾಡಿದೆ. ನನ್ನನ್ನು ಯಾರೂ ಕೆಳಗಿನ ಕ್ಲಾಸಿಗೆ ಹಾಕಲಿಲ್ಲ. ಮರುವರ್ಷ ಶಾಲೆಯ ಚರ್ಚಾ ತಂಡದಲ್ಲಿ ಮೊದಲ ಮಾತು ನನ್ನದೇ. ನನ್ನ ಬಾಯಿ ಬಿಡಿಸಲು ಇಂಗ್ಲಿಷ್ ಟೀಚರಾಗಿದ್ದ ಆ ಹೆಮ್ಮೆಯ ಆಂಟಿ ಅಷ್ಟು ದಿನ ದಡ್ಡಿಯೆನಿಸಿಕೊಂಡರಲ್ಲ, ಆ ಋಣ ತೀರುವಂಥದ್ದಲ್ಲ.

ಅವರು ಗದಗಿಗೆ ಮರಳುವ ದಿನ ಏರ್‌ಪೋರ್ಟಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಏನೋ ಕೇಳಿದಳು. ಆಂಟಿ ಗಂಭೀರವಾಗಿ ನನ್ನ ಮೊಣಕೈ ಚಿವುಟಿದರು.

"ಏನಂತಾಳ ಕೇಳವಾ."

"ಕಿಟಕಿ ಸೀಟ್ ಬೇಕಾ ಅಂತಿದಾಳೆ ಆಂಟಿ." ಈ ಸಲ ಒಂದಕ್ಷರವೂ ಸುಳ್ಳು ಹೇಳಲಿಲ್ಲ.