ಎದೆ ನೀರು ಇಳಿಸಿದ ಕಲ್ಯಾಣಮ್ಮ

ಮಸ್ಕಿಯ ಬಸ್ ನಿಲ್ದಾಣದ ಹಿಂದೆ ಅಮರಗುಂಡಪ್ಪನ ಕಿರಾಣಿ ಅಂಗಡಿ ಇತ್ತು. ಅಂಗಡಿ ಅವನದಾದರೂ ಅಲ್ಲಿ ಕೇಳಿಸುತ್ತಿದ್ದ ದನಿ ಹೆಂಡತಿ ಕಲ್ಯಾಣಮ್ಮನದು. ಗೊರೇಬಾಳದಿಂದ ಸೊಸೆಯಾಗಿ ಬಂದ ವರ್ಷವೇ ಅತ್ತೆಗೆ ಮಡಿ ಕಲಿಸಿದವಳು ಅಂತ ಓಣಿಯವರು ನಗುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಕೊರಳಲ್ಲಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಒಂದು ಗುಟುಕು ಚಹಾ ಮುಟ್ಟಿದವರಲ್ಲ. ಈ ವಿಷಯದಲ್ಲಿ ಅವಳು ಬಿಗಿ, ಅವನು ಅವಳಿಗಿಂತ ಒಂದು ಕೈ ಮೇಲು.

ತೊಂಬತ್ತೆಂಟರ ಬೇಸಿಗೆಯಲ್ಲಿ ಅಮರಗುಂಡಪ್ಪನಿಗೆ ದಮ್ಮು ಹತ್ತಿತು. ಸಕ್ಕರೆ ತೂಗುವಷ್ಟರಲ್ಲಿ ಏದುಸಿರು. ಲಿಂಗಸುಗೂರಿನ ದವಾಖಾನೆಯಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಿದೆ ಎಂದು ಹೇಳಿ ಸೂಜಿ ಚುಚ್ಚಿ ತೆಗೆದರು. ಅವತ್ತು ಅವನು ಮದುಮಗನ ಹಾಗೆ ಎದೆ ಸೆಟೆಸಿಕೊಂಡು ಬಸ್ ಹತ್ತಿದ. ಆದರೆ ನೀರು ಬಾವಿಯ ಸೆಲೆಯಂತೆ ಮತ್ತೆ ಬಂತು, ತೆಗೆಸಿದರೆ ಮತ್ತೆ ಬಂತು. ಊರಿನ ಜಾಣರು ಕುಡಿಯಲು ನೀರು ಕೊಡಬೇಡ ಅಂದರು. ಪಾಪ, ಕಲ್ಯಾಣಮ್ಮ ಅದನ್ನೂ ಮಾಡಿ ನೋಡಿದಳು. ಕುಡಿಯೋ ನೀರಿಗೂ ಎದೆ ನೀರಿಗೂ ಬೀಗತನ ಇಲ್ಲ, ದಣಿದವರನ್ನ ಒಣಗಿಸಬೇಡ ಎಂದು ದವಾಖಾನೆಯ ನರ್ಸ್ ಸಕೀನಾಬೀ ಬೈದ ಮೇಲೆಯೇ ತಂಬಿಗೆ ಅವನ ಕೈಗೆ ಬಂತು.

ಕೊನೆಗೆ ಹೈದರಾಬಾದಿಗೆ ಹೋದಾಗ ಅಲ್ಲಿನ ಡಾಕ್ಟರು ಮುಚ್ಚಿಡದೆ ಹೇಳಿದರು. ಇದು ಕ್ಯಾನ್ಸರು, ವಾಸಿಯಾಗುವುದಿಲ್ಲ, ನೀರು ಬರುತ್ತಲೇ ಇರುತ್ತದೆ. ಪಕ್ಕೆಲುಬಿನ ನಡುವೆ ಒಂದು ಸಣ್ಣ ನಳಿಗೆ ಇಳಿಸಿ ಅಲ್ಲೇ ಬಿಟ್ಟು, ಸುತ್ತ ಪಟ್ಟಿ ಕಟ್ಟಿ, ನಳಿಗೆಯ ಬಾಯಿಗೆ ಕ್ಲಿಪ್ಪು ಹಾಕಿ ಕಳಿಸಿದರು. ಇನ್ನು ಮೇಲೆ ಸೂಜಿ ಬೇಕಿಲ್ಲ, ಮನೆಯಲ್ಲೇ ಬಾಟ್ಲಿಗೆ ಇಳಿಸಿಕೊಳ್ಳಬಹುದು. ಪಟ್ಟಿಗೆ ಮಾತ್ರ ನೀರು ತಾಕಬಾರದು, ಸ್ನಾನ ಬಂದ್.

ಬಾಟ್ಲಿ ಹಿಡಿಯುವುದನ್ನು ಸಕೀನಾಬೀ ಕಲಿಸಿದಳು. ಕೈ ಸಾಬೂನಿನಿಂದ ತೊಳೆಯಬೇಕು, ಬಾಟ್ಲಿ ಮಂಚದ ಕೆಳಗಿರಬೇಕು, ರೋಗಿ ಕೆಮ್ಮಿದರೆ ಅಥವಾ ಎದೆ ಹಿಡಿದರೆ ಕ್ಲಿಪ್ಪು ಮುಚ್ಚಬೇಕು. ಮೊದಲ ಸಲ ಆ ಹಳದಿ ನೀರು ಕಂಡು ಕಲ್ಯಾಣಮ್ಮ ಮುಖ ತಿರುಗಿಸಿದಳು. ಆಮೇಲೆ ರೂಢಿಯಾಯಿತು. ನೀರಿಳಿದ ದಿನ ಗಂಡ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳ ಜೊತೆ ಜಗಳವಾಡುವುದನ್ನು ಕೇಳಿ ಅವಳಿಗೆ ಹೊಟ್ಟೆ ತುಂಬಿದಷ್ಟು ಖುಷಿ.

ಕುತ್ತು ಬಂದದ್ದು ಶ್ರಾವಣ ಸೋಮವಾರ. ಇವತ್ತೊಂದಿನ ತಲೆಗೆ ನೀರು ಹಾಕು ಅಂತ ಅವನು ಗೋಗರೆದ. ಅವಳಿಗೂ ಮನಸ್ಸಿತ್ತು ಅನ್ನಿ. ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕು ಪಟ್ಟಿಗೆ ಸುತ್ತಿ, ಕಾಯಿಸಿದ ನೀರು ಹೊಯ್ದಳು. ಪಟ್ಟಿ ತೊಯ್ದದ್ದು ಕಣ್ಣಿಗೆ ಬಿತ್ತು. ಮೈಮೇಲೇ ಆರುತ್ತದೆ ಬಿಡು ಎಂದುಕೊಂಡಳು. ಆ ವಾರವೇ ಚಳಿಜ್ವರ ಬಂತು, ನಳಿಗೆಯ ಸುತ್ತ ಕೀವಾಯಿತು. ಸಕೀನಾಬೀ ಕೀವು ತೊಳೆದು, ಇಂಜೆಕ್ಷನ್ ಕೊಟ್ಟು, ಒಂದೇ ಮಾತು ಹೇಳಿದಳು.

"ಇನ್ನೊಮ್ಮೆ ಹಿಂಗಾದ್ರ ನಳಿಗಿ ತೆಗೀಬೇಕಾಗ್ತೈತಿ ಅಕ್ಕಾ. ಆಮ್ಯಾಗ ಅವರು ಉಸುರಿಗೆ ಒದ್ದಾಡೋದು ನೀನ ನೋಡ್ಬೇಕು."

ಜ್ವರ ಇಳಿಯಿತು. ಅಮರಗುಂಡಪ್ಪ ಸ್ನಾನ ಕೇಳಲಿಲ್ಲ, ಆದರೆ ಊಟ ಬಿಟ್ಟ. ಅಲ್ಲಿಯವರೆಗೆ ಕೈಕಾಲು ತೊಳೆದು ಹೇಗೋ ಪೂಜೆ ಮುಗಿಸಿ ಉಣ್ಣುತ್ತಿದ್ದವನು ಕೀವು ಕಂಡ ಮೇಲೆ ಅದಕ್ಕೂ ಒಪ್ಪಲಿಲ್ಲ. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಅನ್ನವಿಲ್ಲ. ಗುಳಿಗೆಯ ಜೊತೆಗಿನ ನೀರಷ್ಟೇ ಗಂಟಲಿಗೆ ಇಳಿಯುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ವಿಭೂತಿ ಹಚ್ಚಿದರೆ ಅದೇ ಸ್ನಾನವಲ್ಲವೇ ಎಂದು ಹಿರಿಯರು ತಿಳಿಸಿ ಹೇಳಿದರು. ಅವನು ಕೇಳಲಿಲ್ಲ. ರೋಗಕ್ಕಿಂತ ಮೊದಲು ಹಸಿವೇ ಗಂಡನನ್ನು ಒಯ್ಯುತ್ತದೆ ಎಂದು ಕಲ್ಯಾಣಮ್ಮನಿಗೆ ದಿಗಿಲಾಯಿತು.

ಒಂದು ಬೆಳಿಗ್ಗೆ ಅವಳು ನೀರು ಇಳಿಸುತ್ತಿದ್ದಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೇಳಿದ.

"ಇಂಥಾ ಹೊಲಸು ಎದಿಯಾಗ ಇಟ್ಕೊಂಡು ಲಿಂಗ ಹೆಂಗ ಮುಟ್ಲಿ ಕಲ್ಯಾಣೀ?"

ಕಲ್ಯಾಣಮ್ಮ ಕ್ಲಿಪ್ಪು ಮುಚ್ಚಿದಳು. ಬಾಟ್ಲಿಯನ್ನು ಅವನ ಕಣ್ಣ ಮುಂದೆ ಹಿಡಿದಳು.

"ಇದನ್ನ ನಾ ಕೈಲೆ ಹಿಡೀತೀನ್ರೀ. ಕೈ ತೊಳಕೊಂಡು ಅದೇ ಕೈಯಾಗ ಲಿಂಗ ಇಟ್ಕೋತೀನಿ, ಅದೇ ಕೈಲೆ ರೊಟ್ಟಿ ಬಡೀತೀನಿ. ಇದು ಹೊಲಸಾದ್ರ ನನ್ನ ಕೈಯೂ ಹೊಲಸು. ಹಂಗಂತ ಒಂದ್ ಮಾತು ಅಂದ್ಬಿಡ್ರಿ, ಇವತ್ತಿಂದ ನಾನೂ ಪೂಜಿ ಬಿಡ್ತೀನಿ, ಊಟಾನೂ ಬಿಡ್ತೀನಿ."

ಊರಿಗೆಲ್ಲ ಬಾಯಿ ಮಾಡುವವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಅವಳ ಕೈಯನ್ನೇ ನೋಡಿದ. ನೋಡುತ್ತ ನೋಡುತ್ತ ಅವನಿಗೆ ಅಳು ಬಂತು. ಆಮೇಲೆ ಎಡಗೈ ಚಾಚಿದ. ಅವಳು ಅವನ ಮೈ ಒರೆಸಿ, ವಿಭೂತಿ ಹಚ್ಚಿ, ಲಿಂಗವನ್ನು ಅವನ ಅಂಗೈಗೆ ಇಟ್ಟಳು. ಆ ದಿನ ಅವನು ಪುಂಡಿಪಲ್ಲೆಯಲ್ಲಿ ಅರ್ಧ ರೊಟ್ಟಿ ತಿಂದ.

ಸಂಕ್ರಾಂತಿ ಕಳೆಯುವವರೆಗೆ ಅವನು ಹಾಗೇ ಪೂಜಿಸಿ, ಹಾಗೇ ಉಂಡ. ಕೊನೆಗೆ ದಿಂಬಿಗೆ ಒರಗಿ ಕೂತಲ್ಲೇ, ಉಸಿರಿಗೆ ಒದ್ದಾಡದೆ ಹೋದ.

ಮಣ್ಣಿಗೆ ಒಯ್ಯುವ ಮುನ್ನ ಮೈ ತೊಳೆಸಲು ಅಂಗಳದಲ್ಲಿ ಹಂಡೆ ನೀರು ಕಾಯಿಸಿದರು. ಎದೆಯ ಪಟ್ಟಿ ಕಂಡು ಗಂಡಸರು ತಂಬಿಗೆ ಹಿಡಿದು ಅನುಮಾನಿಸಿದರು. ಕಲ್ಯಾಣಮ್ಮ ಮುಂದೆ ಬಂದು ಪಟ್ಟಿ ಬಿಚ್ಚಿ, ನಳಿಗೆಯನ್ನು ಮೆಲ್ಲಗೆ ಎಳೆದು ತೆಗೆದಳು. ಅವರ ಕೈಯಿಂದ ತಂಬಿಗೆ ಇಸಿದುಕೊಂಡಳು.

"ಇವತ್ತು ಬ್ಯಾಡನ್ನಂಗಿಲ್ಲರೀ," ಅಂದಳು ಗಂಡನಿಗೆ. "ತಲಿ ತುಂಬ ಹಾಕ್ತೀನಿ."

ತಲೆಗೆ ಹೊಯ್ದಳು, ಎದೆಗೆ ಹೊಯ್ದಳು. ಹಂಡೆ ಬರಿದಾದ ಮೇಲೂ ತಂಬಿಗೆಯನ್ನು ಅದರೊಳಗೆ ಅದ್ದುತ್ತಲೇ ಇದ್ದಳು.