ಭಂಡಾರ ಮೆತ್ತಿದ ಫಿಲ್ಟರ್

ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಎಂಬತ್ತರ ದಶಕದ ಆರಂಭ. ಮರಾಠಿ ಸೀಮೆಯ ಧನಕವಡಿಯಲ್ಲಿ, ಕಬ್ಬಿಣದ ಸಾಮಾನಿಗೆ ಬಣ್ಣ ಸಿಂಪಡಿಸುವ ಸಣ್ಣ ಕಾರ್ಖಾನೆಯಲ್ಲಿ ನಾನು ಮೆಂಟೆನನ್ಸ್ ಸೂಪರ್‌ವೈಸರ್. ಚಿಂತೆ ಮಾಡುವುದಕ್ಕೇ ಸಂಬಳ ಎಂಬಂತೆ ಎಲ್ಲದಕ್ಕೂ ಚಿಂತಿಸುತ್ತಿದ್ದೆ. ಚಿಂತಿಸಬೇಕಾದ ಒಂದನ್ನು ಮಾತ್ರ ಬಿಟ್ಟು.

ಆ ತಿಂಗಳು ಕರೆಂಟ್ ಬಿಲ್ಲು ಏರಿತು. ಬೆಳಗಾವಿ ಕಡೆಯವರಾದ ಮ್ಯಾನೇಜರ್ ಸಾಹೇಬರು ಕಾರ್ಖಾನೆ ಸುತ್ತಿ ಕಳ್ಳನನ್ನು ಹಿಡಿದೇಬಿಟ್ಟರು: ಬಣ್ಣದ ಗನ್ನುಗಳಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಶೆಡ್ಡಿನ ಆಪರೇಟರ್. ಕಲಬುರ್ಗಿಯವನು. ಮಧ್ಯಾಹ್ನ ಕರೆಂಟಿನ ಒಲೆಯ ಮೇಲೆ ರೊಟ್ಟಿ ಬಿಸಿ ಮಾಡಿಕೊಳ್ಳುತ್ತಿದ್ದ.

"ಕಂಪನಿ ಕರೆಂಟಿನ್ಯಾಗ ಖಾನಾವಳಿ ನಡಸ್ಯಾನ್ರೀ ಇಂವಾ! ಶನಿವಾರ ಮನಿಗೆ ಕಳಸ್ರಿ."

ಒಲೆ ಆಫೀಸಿನ ಕಪಾಟು ಸೇರಿತು. ಆಪರೇಟರ್ ನನ್ನ ಬಳಿ ಬಂದ.

"ಸರ, ನನ್ನ ಒಲಿ ಹತ್ತು ಮಿನಿಟ್ ಉರೀತದ. ಈ ಮಿಷಿನ್ ನೋಡ್ರಿ. ಮೊದಲ ಗಾಳಿ ಟಾಕಿ ತುಂಬಿದ ಕೂಡ್ಲೆ ತಾನ ನಿಂದರ್ತಿತ್ತು. ಈಗ ಮುಂಜಾನಿಂದ ಸಂಜಿತನಕ ಓಡೂದ ಓಡೂದು. ಉಸಿರ ಕಟ್ಟೇದ್ರಿ ಅದಕ್ಕ."

ಕಾರಣ ನನಗೆ ಗೊತ್ತಿತ್ತು. ಸಾಹೇಬರ ಮನೆದೇವರು ಖಂಡೋಬಾ. ಜೇಜುರಿಯ ಅವನ ಗುಡಿಗೆ ಹೋಗಿಬಂದಾಗಲೆಲ್ಲ ನೇರ ಶೆಡ್ಡಿಗೆ ಬಂದು, ಮಿಷಿನ್ನು ಗಾಳಿ ಎಳೆಯುವ ಬಾಯಿಗೇ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಮುಷ್ಟಿಗಟ್ಟಲೆ ಎರಚುತ್ತಿದ್ದರು. ಅದೆಲ್ಲ ಗಾಳಿ ಸೋಸುವ ಒಳಗಿನ ಫಿಲ್ಟರಿಗೆ ಮೆತ್ತಿಕೊಂಡು, ಗಾಳಿ ಸಾಲದೆ ಟಾಕಿ ತುಂಬುತ್ತಲೇ ಇರಲಿಲ್ಲ. ಪ್ರಸಾದ ಕೊಡವಿದರೆ ದೇವರು ಏನೆಂದಾನೋ, ಸಾಹೇಬರು ಏನೆಂದಾರೋ! ಹಾಗಾಗಿ ನಾನು ವಾರವಾರ ರಿಜಿಸ್ಟರಿನಲ್ಲಿ 'ಫಿಲ್ಟರ್ ಸ್ವಚ್ಛ ಮಾಡಿದೆ' ಎಂದು ಬರೆದು ಸಹಿ ಹಾಕುತ್ತಿದ್ದೆ. ದೇವರಿಗೆ ಹೆದರಿ ಸುಳ್ಳು ಬರೆದ ಭಕ್ತ ನಾನೊಬ್ಬನೇ ಇರಬೇಕು.

ಮರುದಿನ ಅವನನ್ನು ಮನೆಗೆ ಕಳಿಸಬೇಕು ಎನ್ನುವಾಗ, ಶುಕ್ರವಾರ, ಅವನನ್ನೇ ಜೊತೆಗಿಟ್ಟುಕೊಂಡು ಫಿಲ್ಟರ್ ಬಿಚ್ಚಿದೆ. ಹೂರಣದಂತೆ ಹಳದಿ ಪದರ! ಸ್ಟೋರಿನಲ್ಲಿ ಸುಮ್ಮನೆ ಬಿದ್ದಿದ್ದ ಹೊಸ ಫಿಲ್ಟರ್ ಹಾಕಿ ಚಾಲೂ ಮಾಡಿದೆವು. ಟಾಕಿ ತುಂಬಿತು, ಮಿಷಿನ್ನು ತಾನೇ ನಿಂತಿತು. ಸದ್ದು ನಿಂತದ್ದಕ್ಕೆ ಸಾಹೇಬರು ಗಾಬರಿಯಾಗಿ ಓಡಿಬಂದರು.

"ಏನ್ ಕೆಡಿಸಿದ್ರಿ?"

"ಕೆಟ್ಟಿಲ್ರಿ ಸಾಹೇಬ್ರ, ಹೊಟ್ಟಿ ತುಂಬೇದ," ಎಂದ ಆಪರೇಟರ್.

ಹಳೆಯ ಫಿಲ್ಟರನ್ನೂ ರಿಜಿಸ್ಟರನ್ನೂ ಅವರ ಮುಂದೆ ಹಿಡಿದೆ. "ಕರೆಂಟ್ ತಿಂದದ್ದು ಇದ್ರಿ. ಸುಳ್ಳ ಬರದಾಂವ ನಾನು. ಕಳಸೂದಿದ್ರ ನನ್ನ ಕಳಸ್ರಿ."

ಸಾಹೇಬರು ಆ ಹಳದಿ ಪುಡಿ ಮುಟ್ಟಿ, ಬೆರಳನ್ನು ಹಣೆಗೆ ಒತ್ತಿಕೊಂಡರು. "ನೋಡ್ರಿ, ಖಂಡೋಬಾನ ತೋರಿಸಿಕೊಟ್ಟಾ!"

ಆಪರೇಟರನ ಕೆಲಸ ಉಳಿಯಿತು, ನನ್ನದೂ. ಅವನ ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಒಲೆಯೂ ವಾಪಸು ಬರಲಿಲ್ಲ. ಅವನು ರೊಟ್ಟಿಯ ಗಂಟನ್ನು ಕಂಪ್ರೆಸರಿನ ಬಿಸಿ ಪೈಪಿನ ಮೇಲಿಡತೊಡಗಿದ. ಆದರೆ ಈಗ ಮಿಷಿನ್ನು ಆಗಾಗ ನಿಲ್ಲುತ್ತಿತ್ತಲ್ಲ, ಪೈಪು ಮೊದಲಿನಷ್ಟು ಕಾಯುತ್ತಿರಲಿಲ್ಲ. ಬಿಲ್ಲು ಇಳಿಯಿತೆಂದು ಸಾಹೇಬರು ಪೇಢೆ ಹಂಚಿದ ದಿನವೂ ಅವನು ಉಗುರುಬೆಚ್ಚಗಿನ ರೊಟ್ಟಿಯನ್ನೇ ತಿಂದ.